ಚೆನ್ನೈ ಬಿಸಿಲಲ್ಲಿ ಬೆವೆತ ಫಿಲ್ಮು

ಚೆನ್ನೈಯ ಫಿಲ್ಮ್ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿದೆ ಎಂದು 2008ರಲ್ಲಿ ಊರಿಗೆ ಫೋನ್ ಮಾಡಿ ಹೇಳಿದಾಗ ದಾವಣಗೆರೆಯ ನಮ್ಮ ಓಣಿಯಲ್ಲಿ ಒಂದು ವಾರ ನನಗೆ ಭಾರಿ ಮರ್ಯಾದೆ ಇತ್ತು. ಕೋಡಂಬಾಕ್ಕಂ ಹೆಸರು ಎಲ್ಲರಿಗೂ ಗೊತ್ತು. ಒಂದು ಕಾಲಕ್ಕೆ ಕನ್ನಡ ಸಿನಿಮಾಗಳೂ ಅಲ್ಲಿನ ಸ್ಟುಡಿಯೊಗಳಲ್ಲೇ ತಯಾರಾಗುತ್ತಿದ್ದವಲ್ಲ. ಸೋದರಮಾವ ನೇರವಾಗಿಯೇ ಕೇಳಿದರು, "ರಜನಿಕಾಂತ್ ಸಿಕ್ಕಿದ್ನಾ?" ನಾನು ನೋಡಿಕೊಳ್ಳುವುದು ಚಿಪ್ಸ್, ಮಿಕ್ಸ್ಚರ್ ತುಂಬುವ ಪ್ಯಾಕೆಟ್ಟಿನ ಫಿಲ್ಮು ಎಂದು ಗೊತ್ತಾದ ಮೇಲೆ ಮರ್ಯಾದೆ ಸರ್ರನೆ ಇಳಿಯಿತು. "ಅಂದ್ರೆ ಪ್ಲಾಸ್ಟಿಕ್ ಹಾಳಿ" ಎಂದು ಅವ್ವ ಒಂದೇ ಮಾತಿನಲ್ಲಿ ಮುಗಿಸಿದಳು.

ಪ್ಲಾಸ್ಟಿಕ್ ಹಾಳೆಯೇ, ಸುಳ್ಳಲ್ಲ. ಮೈಸೂರಿನ ಎಸ್‌ಜೆಸಿಇಯಲ್ಲಿ ನಾಲ್ಕು ವರ್ಷ ಪಾಲಿಮರ್ ವಿಜ್ಞಾನ ಓದಿದವನಿಗೂ ಅದು ಬಹುಮಟ್ಟಿಗೆ ಹಾಳೆಯೇ ಆಗಿತ್ತು. ಆ ಹಾಳೆಗೊಂದು ಮೈ ಇದೆ, ಆ ಮೈಗೆ ಬಿಸಿಲು ತಾಗುತ್ತದೆ ಎಂಬುದು ನನಗೆ ಮನದಟ್ಟಾದದ್ದು 2019ರ ಜೂನ್‌ನಲ್ಲಿ ನಾನೇ ಸಹಿ ಮಾಡಿದ ಒಂದು ತಪ್ಪು ವರದಿಯಿಂದ.

ನಮ್ಮ ಘಟಕ ಇರುವುದು ಅಂಬತ್ತೂರಿನಲ್ಲಿ. ದೊಡ್ಡ ಕಾರ್ಖಾನೆಯೇನಲ್ಲ. ಹೊರಗಿನಿಂದ ಫಿಲ್ಮಿನ ರೋಲುಗಳನ್ನು ತರಿಸಿ, ಅವುಗಳ ಮೇಲೆ ತಿಂಡಿ ಕಂಪನಿಗಳ ಬಣ್ಣಬಣ್ಣದ ಚಿತ್ರ ಮುದ್ರಿಸಿ, ಇನ್ನೊಂದು ಪದರದ ಜೊತೆ ಅಂಟಿಸಿ, ಬೇಕಾದ ಅಗಲಕ್ಕೆ ಕತ್ತರಿಸಿ ಕಳಿಸುತ್ತೇವೆ. ಗುಣಮಟ್ಟ ಪರೀಕ್ಷೆ ನನ್ನ ಜವಾಬ್ದಾರಿ. ಮುದ್ರಣದ ಯಂತ್ರದ ಮುಂದೆ ಆಗ ನಿಲ್ಲುತ್ತಿದ್ದವರು ಒಬ್ಬ ಹಿರಿಯ ಆಪರೇಟರ್. ವಯಸ್ಸಿನಲ್ಲಿ ನನಗಿಂತ ಹದಿನೈದು ವರ್ಷ ದೊಡ್ಡವರು. ಮಾಲೀಕರಿಂದ ಹಿಡಿದು ಚಹಾ ತರುವ ಹುಡುಗನವರೆಗೆ ಎಲ್ಲರೂ ಅವರನ್ನು ಅಣ್ಣಾ ಎಂದೇ ಕರೆಯುತ್ತಿದ್ದರು, ನಾನೂ ಹಾಗೆಯೇ.

ಆ ಜೂನ್‌ನ ಒಂದು ಮಧ್ಯಾಹ್ನ ಒಂದು ಚಿಪ್ಸ್ ಪ್ಯಾಕೆಟ್ಟಿನ ಕೆಂಪು ಬಣ್ಣ ಕಿತ್ತು ಬಂತು. ಮುದ್ರಿಸಿದ ಫಿಲ್ಮಿನ ಮೇಲೆ ಸೆಲೋಟೇಪ್ ಒತ್ತಿ ಅಂಟಿಸಿ ರಪ್ಪನೆ ಎಳೆಯುವುದು ನಮ್ಮಲ್ಲಿ ನಿತ್ಯದ ಪರೀಕ್ಷೆ. ಬಣ್ಣ ಫಿಲ್ಮಿನಲ್ಲೇ ಉಳಿಯಬೇಕು. ಅಂದು ಟೇಪಿನ ಜೊತೆಗೇ ಎದ್ದು ಬಂತು, ಸುಟ್ಟ ಹಪ್ಪಳದ ಚೂರಿನ ಹಾಗೆ. ಅಷ್ಟರಲ್ಲಿ ಸಾವಿರಾರು ಮೀಟರ್ ಮುದ್ರಣವಾಗಿಬಿಟ್ಟಿತ್ತು. ಅಣ್ಣ ಯಂತ್ರ ನಿಲ್ಲಿಸಿ, ಮುದ್ರಿಸದ ಫಿಲ್ಮನ್ನು ಬೆರಳಿನಿಂದ ಸವರಿ, "ಸಾರ್, ಇದು ವಳವಳ ಅಂತಿದೆ" ಎಂದರು. ತಮಿಳಿನ ಆ 'ವಳವಳ'ಕ್ಕೆ ಕನ್ನಡದಲ್ಲಿ ನುಣುಪು ಎಂದರೆ ಸಾಲದು. ಸೋಪು ಹತ್ತಿದ ಕೈಯಲ್ಲಿ ಸ್ಟೀಲ್ ಲೋಟ ಹಿಡಿದಾಗ ಆಗುತ್ತದಲ್ಲ, ಅದು. ನಾನು ಕೇಳಿಸಿಕೊಂಡೆ. ಬರೆದುಕೊಳ್ಳಲಿಲ್ಲ.

ಬರೆದುಕೊಳ್ಳದಿರುವುದಕ್ಕೆ ನನ್ನ ಬಳಿ ಕಾರಣವಿತ್ತು. ಆ ರೋಲುಗಳು ಏಪ್ರಿಲ್‌ನಲ್ಲಿ ಬಂದಿಳಿದಾಗ ನಾನೇ ಪರೀಕ್ಷಿಸಿದ್ದೆ. ರಿಜಿಸ್ಟರಿನಲ್ಲಿ 38 ಎಂದು ನನ್ನದೇ ಕೈಬರಹವಿತ್ತು. ಆ 38 ಏನೆಂದು ಮುಂದೆ ಹೇಳುತ್ತೇನೆ. ಫಿಲ್ಮು ಸರಿಯಿದೆ ಎಂದಾದರೆ ತಪ್ಪು ಇಂಕಿನದು. ಇಂಕನ್ನು ಸಾಲ್ವೆಂಟ್ ಹಾಕಿ ಹದ ಮಾಡುತ್ತಿದ್ದವರು ಅಣ್ಣ. ವಿಸ್ಕಾಸಿಟಿ ಕಪ್ಪಿನಲ್ಲಿ ಅಳೆದು ಬರೆಯಬೇಕಾದ ಕಾಲಮ್ಮನ್ನು ಅವರು ಎಷ್ಟೋ ದಿನ ಖಾಲಿ ಬಿಡುತ್ತಿದ್ದರು, ಕಣ್ಣಳತೆಯಲ್ಲೇ ಸಾಕೆಂದು. ವರದಿಯಲ್ಲಿ ಕಾರಣ ಎಂಬ ಜಾಗದಲ್ಲಿ ಬರೆದೆ: ಆಪರೇಟರ್ ನಿರ್ಲಕ್ಷ್ಯ. ಎರಡು ಪದ. ಅದು ಎಂಥ ವರ್ಷ ಎಂಬುದೂ ಗೊತ್ತಿರಬೇಕು. ತಮಿಳುನಾಡಿನಲ್ಲಿ ಆ ಜನವರಿ 1ರಿಂದ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್‌ಗೆ ನಿಷೇಧ ಬಂದಿತ್ತು. ನಮ್ಮ ತಿಂಡಿ ಪ್ಯಾಕೆಟ್ಟಿಗೆ ಅದು ನೇರವಾಗಿ ತಟ್ಟದಿದ್ದರೂ ಕ್ಯಾರಿಬ್ಯಾಗಿನ ಕೆಲಸ ಪೂರ್ತಿ ನಿಂತು, ಯಾರನ್ನು ಕಡಿಮೆ ಮಾಡುವುದು ಎಂಬ ಲೆಕ್ಕ ಆಫೀಸಿನಲ್ಲಿ ನಡೆದೇ ಇತ್ತು. ಆ ಎರಡು ಪದಗಳಿಗಾಗಿ ಯಾರೋ ಕಾಯುತ್ತಿದ್ದಂತೆ, ನಾಲ್ಕನೇ ದಿನಕ್ಕೆ ಅಣ್ಣನ ಲೆಕ್ಕ ಚುಕ್ತಾ ಆಯಿತು.

ಈಗ ಆ ಹಾಳೆಯ ಮೈ ಹೇಗಿರುತ್ತದೆ ಎಂದು ಹೇಳದೆ ಕಥೆ ಮುಂದೆ ಹೋಗುವುದಿಲ್ಲ.

ದಾವಣಗೆರೆಯವನಾದ್ದರಿಂದ ನನಗೆ ಬೆಣ್ಣೆ-ತುಪ್ಪದ ಉದಾಹರಣೆಯೇ ಮೊದಲು ನೆನಪಾಗುತ್ತದೆ. ಅವ್ವ ಬೆಣ್ಣೆ ಕಾಯಿಸಿ ಸೋಸಿದ ತುಪ್ಪವನ್ನು ಒಲೆಯ ಹಿಂದಿನ ಮೂಲೆಯಲ್ಲಿ ಬೆಚ್ಚಗೆ ಇಟ್ಟು ಮುಟ್ಟಬೇಡ ಎನ್ನುತ್ತಿದ್ದಳು. ಮಾರನೆಯ ದಿನ ಅದು ರವೆಯಂತೆ ಹರಳುಗಟ್ಟಿರುತ್ತಿತ್ತು. ಅದೇ ತುಪ್ಪವನ್ನು ಬಿಸಿಯಿರುವಾಗಲೇ ಫ್ರಿಜ್ಜಿನಲ್ಲಿಟ್ಟರೆ ಹರಳು ಕಾಣುವುದಿಲ್ಲ, ಡಾಲ್ಡಾದಂತೆ ನುಣ್ಣಗೆ ಗಟ್ಟಿಯಾಗುತ್ತದೆ. ತುಪ್ಪ ಒಂದೇ. ಬೇರೆಯಾದದ್ದು ಅದರ ಅಣುಗಳಿಗೆ ಸಾಲಾಗಿ ಕೂರಲು ಸಿಕ್ಕ ಸಮಯ.

ಪಾಲಿಪ್ರೊಪಿಲೀನ್ ಎಂಬ ನಮ್ಮ ಪ್ಲಾಸ್ಟಿಕ್ಕೂ ಹೀಗೆಯೇ, ಅಣು ಮಾತ್ರ ಬಲು ಉದ್ದ. ಬೇಯಿಸಿದ ಶಾವಿಗೆ ಎಳೆಗಳಂತೆ ಸರಪಳಿಗಳು ಒಂದಕ್ಕೊಂದು ಸಿಕ್ಕಿಕೊಂಡಿರುತ್ತವೆ. ತಣಿಯುವಾಗ ಕೆಲವು ಭಾಗ ಮಡಿಕೆ ಹಾಕಿದ ಸೀರೆಯಂತೆ ಅಚ್ಚುಕಟ್ಟಾಗಿ ಮಡಚಿ ಹರಳಾಗುತ್ತದೆ, ಉಳಿದದ್ದು ಸಿಕ್ಕುಸಿಕ್ಕಾಗಿಯೇ ಇರುತ್ತದೆ. ನಿಧಾನಕ್ಕೆ ತಣಿಸಿದರೆ ಹರಳಿನ ಗೊಂಚಲುಗಳು ದೊಡ್ಡದಾಗಿ ಬೆಳೆದು ಹಾಳೆ ಮಂಜುಮಂಜಾಗುತ್ತದೆ, ಮೈ ಒರಟಾಗುತ್ತದೆ. ತಟ್ಟನೆ ತಣಿಸಿದರೆ ಗೊಂಚಲುಗಳು ಸಣ್ಣವಾಗಿಯೇ ಉಳಿದು ಹಾಳೆ ಗಾಜಿನಂತೆ ಪಾರದರ್ಶಕ. ಚಿಪ್ಸ್ ಪ್ಯಾಕೆಟ್ಟಿನ ಫಿಲ್ಮು ತಯಾರಿಸುವಾಗ ಕರಗಿದ ಪ್ಲಾಸ್ಟಿಕ್ಕನ್ನು ತಣ್ಣನೆಯ ಉರುಳೆಯ ಮೇಲೆ ಸುರಿದು ದಪ್ಪ ಹಾಳೆ ಮಾಡಿ, ಮತ್ತೆ ಬಿಸಿ ಮಾಡಿ ಉದ್ದಕ್ಕೆ ಸುಮಾರು ಐದು ಪಟ್ಟು, ಅಗಲಕ್ಕೆ ಎಂಟೊಂಬತ್ತು ಪಟ್ಟು ಎಳೆಯುತ್ತಾರೆ. ಕೊನೆಗೆ ಉಳಿಯುವುದು ತಲೆಗೂದಲಿನ ದಪ್ಪದಲ್ಲಿ ಕಾಲು ಭಾಗವೂ ಇಲ್ಲದ ಹಾಳೆ.

ಹೀಗೆ ಎಳೆದ ಹಾಳೆಯನ್ನು ಹಾಗೇ ಬಿಟ್ಟರೆ ಅದು ಸುಮ್ಮನಿರುವುದಿಲ್ಲ. ಎಳೆದ ರಬ್ಬರಿನಂತೆ ಹಿಂದಕ್ಕೆ ಹೋಗಲು ನೋಡುತ್ತದೆ. ಅದಕ್ಕೇ ಅಂಚುಗಳನ್ನು ಕ್ಲಿಪ್ಪಿನಲ್ಲಿ ಬಿಗಿಹಿಡಿದು, ಕರಗುವ ಬಿಸಿಗೆ ಇನ್ನು ಕೆಲವೇ ಡಿಗ್ರಿ ಬಾಕಿ ಎನ್ನುವಷ್ಟು, 160 ಡಿಗ್ರಿ ಆಸುಪಾಸಿನ ಒಲೆಯೊಳಗೆ ಕೆಲವು ಸೆಕೆಂಡು ಹಾಯಿಸುತ್ತಾರೆ. ಪುಸ್ತಕದ ಭಾಷೆಯಲ್ಲಿ ಇದು ಅನೀಲಿಂಗ್, ಶಾಪ್‌ಫ್ಲೋರಿನಲ್ಲಿ ಹೀಟ್‌ಸೆಟ್ಟಿಂಗ್. ನಮ್ಮಪ್ಪ ಬಟ್ಟೆ ಗಿರಣಿಯಲ್ಲಿ ದುಡಿದವರು. ಅವರಿಗೆ ಇದನ್ನು ವಿವರಿಸಿದಾಗ, "ಸ್ಟೆಂಟರ್‌ನಾಗೆ ಪಾಲಿಸ್ಟರ್ ಬಟ್ಟಿ ಹಾಯಿಸಿದಂಗೆ" ಎಂದು ಅವರೇ ನನಗೆ ವಿವರಿಸಿದರು. ಸರಿಯಾಗಿಯೇ ಹೇಳಿದ್ದರು. ಆ ಬಿಸಿಯಲ್ಲಿ ಸರಪಳಿಗಳ ಬಿಗುವು ಸಡಿಲವಾಗುತ್ತದೆ, ಅರೆಬರೆ ಹರಳುಗಳು ಪೂರ್ತಿಯಾಗುತ್ತವೆ, ಮುಂದೆ ಬಿಸಿ ತಾಗಿದರೂ ಹಾಳೆ ಮುದುಡುವುದಿಲ್ಲ. ಮುದುಡಲೇಬೇಕು ಎಂದಾದರೆ ಈ ಹಂತವನ್ನು ಬೇಕೆಂದೇ ಕೈಬಿಡುತ್ತಾರೆ. ನೀರಿನ ಬಾಟಲಿಗಳ ಕಟ್ಟಿಗೆ ಸುತ್ತಿ ಬಿಸಿಗಾಳಿ ಹೊಡೆದೊಡನೆ ಬಿಗಿದುಕೊಳ್ಳುವ ಹಾಳೆ ಆ ಜಾತಿಯದು.

ಇಷ್ಟಾದರೂ ಇಂಕು ಅದರ ಮೇಲೆ ನಿಲ್ಲುವುದಿಲ್ಲ. ಕೆಸುವಿನ ಎಲೆಯ ಮೇಲೆ ನೀರು ನಿಂತಂತೆ ಮಣಿಮಣಿಯಾಗುತ್ತದೆ. ಪಾಲಿಪ್ರೊಪಿಲೀನಿನ ಮೇಲ್ಮೈಗೆ ಹಿಡಿದುಕೊಳ್ಳುವ ಶಕ್ತಿ ಕಡಿಮೆ, ಸೆಂಟಿಮೀಟರಿಗೆ ಸುಮಾರು 30 ಡೈನ್. ನಮ್ಮ ಇಂಕಿಗೆ 38 ಬೇಕು. ಅದಕ್ಕಾಗಿ ಹಾಳೆಯ ಒಂದು ಮಗ್ಗುಲಿಗೆ ಹೈವೋಲ್ಟೇಜ್ ವಿದ್ಯುತ್ತಿನ ನೇರಳೆ ಕಿಡಿ ಹಾಯಿಸುತ್ತಾರೆ. ಗಾಳಿಯಲ್ಲಿನ ಆಮ್ಲಜನಕ ಮೇಲ್ಮೈಯ ಸರಪಳಿಗಳಿಗೆ ಅಲ್ಲಲ್ಲಿ ಅಂಟಿ ಕೊಕ್ಕೆಗಳಂತೆ ನಿಲ್ಲುತ್ತದೆ. ಇಂಕು ಹಿಡಿದುಕೊಳ್ಳುವುದು ಆ ಕೊಕ್ಕೆಗಳನ್ನೇ. ಇದರ ಆಳ ಕೆಲವೇ ನ್ಯಾನೋಮೀಟರ್, ಒಂದು ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಕೆಲವು ಭಾಗ. ಈ ಕ್ರಿಯೆಯ ಹೆಸರು ಕರೋನಾ ಟ್ರೀಟ್‌ಮೆಂಟ್. ನಮ್ಮ ಉದ್ಯಮದಲ್ಲಿ ಎಷ್ಟೋ ದಶಕಗಳಿಂದ ಇರುವ ಹೆಸರು. 2020ರಲ್ಲಿ ನಮ್ಮ ರೋಲುಗಳ ಮೇಲಿನ 'ಕರೋನಾ ಸೈಡ್ ಒಳಗೆ' ಎಂಬ ಚೀಟಿ ನೋಡಿ ಲಾರಿಯವನೊಬ್ಬ ಸರಕು ಮುಟ್ಟಲು ಒಪ್ಪದೆ ಅರ್ಧ ದಿನ ಗೇಟಿನಲ್ಲೇ ನಿಂತಿದ್ದ. ಅದು ಬೇರೆ ಕಥೆ.

38 ಇದೆಯೋ ಇಲ್ಲವೋ ನೋಡಲು ಡೈನ್ ಪೆನ್ನುಗಳಿವೆ. ಮಾರ್ಕರಿನಂತೆಯೇ. 38ರ ಪೆನ್ನಿನಿಂದ ಗೆರೆ ಎಳೆದು ಎರಡು ಸೆಕೆಂಡು ನೋಡಬೇಕು. ಗೆರೆ ಗೆರೆಯಾಗಿಯೇ ನಿಂತರೆ ಪಾಸು. ಮುದುಡಿ ಹನಿಹನಿಯಾದರೆ ಅಷ್ಟಿಲ್ಲ ಎಂದರ್ಥ. ಏಪ್ರಿಲ್‌ನಲ್ಲಿ ಆ ಗೆರೆ ನಿಂತಿತ್ತು. ಜೂನ್‌ನಲ್ಲಿ ನಾನು ಗೆರೆ ಎಳೆದು ನೋಡಲೇ ಇಲ್ಲ.

ಅಣ್ಣ ಹೋಗಿ ಮೂರು ವಾರಕ್ಕೆ ಮತ್ತೆ ಬಣ್ಣ ಕಿತ್ತಿತು. ಈ ಸಲ ಬೇರೆ ಆಪರೇಟರ್, ಬೇರೆ ಕಂಪನಿಯ ಪ್ಯಾಕೆಟ್ಟು, ಹಸಿರು ಬಣ್ಣ. ವಿಸ್ಕಾಸಿಟಿ ಕಾಲಮ್ಮು ಗಂಟೆಗಂಟೆಗೂ ಭರ್ತಿಯಾಗಿತ್ತು. ಟೇಪನ್ನು ಕೈಯಲ್ಲಿ ಹಿಡಿದು ನಿಂತವನಿಗೆ ಹೊಟ್ಟೆಯಲ್ಲಿ ಏನೋ ಕಲಕಿದಂತಾಯಿತು. ಮುದ್ರಿಸದ ಫಿಲ್ಮನ್ನು ಅಣ್ಣ ಸವರಿದಂತೆಯೇ ಸವರಿದೆ. ವಳವಳ.

ರೋಲು ಎಲ್ಲಿಂದ ಬಂತು ಎಂದು ಕೇಳಿ ಗೋಡೌನಿಗೆ ಹೋದೆ. ಮೇಲಿನ ರ‍್ಯಾಕು ಎಂದರು. ಏಣಿ ಹತ್ತಿ ತಲೆ ಶೀಟಿನ ಹತ್ತಿರ ಹೋದಾಗ ಕಾದ ಹಂಚಿನ ಮೇಲೆ ಬಗ್ಗಿದ ಹಾಗಾಯಿತು. ರೋಲನ್ನು ಮುಟ್ಟಿದೆ, ಜ್ವರ ಬಂದ ಮಗುವಿನ ಹಣೆಗಿಂತ ಬಿಸಿ. ಲ್ಯಾಬಿನಿಂದ ಥರ್ಮಾಮೀಟರ್ ತಂದು ನೇತುಹಾಕಿದೆ. ಮಧ್ಯಾಹ್ನ ಮೂರಕ್ಕೆ ಕೆಳಗೆ ನೆಲದಲ್ಲಿ 39, ಮೇಲಿನ ರ‍್ಯಾಕಿನಲ್ಲಿ 48. ಇಂಥ ಫಿಲ್ಮನ್ನು 35 ಡಿಗ್ರಿಯೊಳಗೆ ಇಡಬೇಕು ಎಂದು ಪೆಟ್ಟಿಗೆಯ ಮೇಲೇ ಅಚ್ಚಾಗಿರುತ್ತದೆ. ಚೆನ್ನೈಯಲ್ಲಿ ಅದನ್ನು ಓದಿ ನಗುವುದು ವಾಡಿಕೆ.

ಹಾಗಾದರೆ ಹಿಂದಿನ ವರ್ಷಗಳಲ್ಲಿ ಏಕೆ ಹೀಗಾಗಿರಲಿಲ್ಲ? ಅಗ್ನಿ ನಕ್ಷತ್ರದ ಬಿಸಿಲು ಇಲ್ಲಿಗೇನು ಹೊಸದಲ್ಲ; 2003ರ ಮೇ 31ರಂದು ನಗರದಲ್ಲಿ 45 ಡಿಗ್ರಿ ದಾಖಲಾದ ಊರಿದು. ಉತ್ತರ ಸಿಕ್ಕಿದ್ದು ಗೋಡೌನಿನ ಹಿಂದಿನ ನಲ್ಲಿಯಲ್ಲಿ. ಪ್ರತಿ ಬೇಸಿಗೆಯಲ್ಲೂ ಛಾವಣಿಯ ಮೇಲೆ ಗೋಣಿಚೀಲ ಹಾಸಿ, ತೂತು ಕೊರೆದ ಪೈಪಿನಿಂದ ದಿನಕ್ಕೆ ಮೂರು ಸಲ ನೀರು ಬಿಡುತ್ತಿದ್ದೆವು. 2019ರಲ್ಲಿ ಬಿಡಲಿಲ್ಲ. ಆ ಜೂನ್‌ನಲ್ಲಿ ಚೆನ್ನೈಗೆ ನೀರುಣಿಸುವ ಪುಳಲ್, ಚೋಳಾವರಂ, ಪೂಂಡಿ, ಚೆಂಬರಂಬಾಕ್ಕಂ ನಾಲ್ಕೂ ಹೆಚ್ಚುಕಡಿಮೆ ಬತ್ತಿ ನೆಲ ಬಿರಿದಿತ್ತು. ಹೋಟೆಲುಗಳು ಊಟ ಕಡಿಮೆ ಮಾಡಿದ್ದವು, ಐಟಿ ಕಂಪನಿಗಳು ಮನೆಯಿಂದಲೇ ಕೆಲಸ ಮಾಡಿ ಎಂದಿದ್ದವು, ನಮ್ಮ ಬೀದಿಯಲ್ಲಿ ಬೆಳಗಿನ ಜಾವ ಮೂರಕ್ಕೆ ಟ್ಯಾಂಕರಿಗೆ ಕೊಡಗಳ ಸಾಲು. ಛಾವಣಿಗೆ ನೀರು ನಿಲ್ಲಿಸುವ ತೀರ್ಮಾನವಾದ ಸಭೆಯಲ್ಲಿ ನಾನೂ ಕುಳಿತಿದ್ದೆ, ತಲೆಯಾಡಿಸಿದ್ದೆ. ಕುಡಿಯಲಿಕ್ಕಿಲ್ಲದ ನೀರನ್ನು ಶೀಟಿನ ಮೇಲೆ ಸುರಿಯಿರಿ ಎಂದು ಯಾವ ಬಾಯಿಂದ ಹೇಳುವುದು? ಆದರೆ ನೀರು ನಿಂತ ಮೇಲೆ ಮೇಲಿನ ರ‍್ಯಾಕಿನ ರೋಲುಗಳನ್ನು ಕೆಳಗಿಳಿಸಿ ಎಂದಾದರೂ ಹೇಳಬಹುದಿತ್ತು.

ಮುಂದಿನ ಎಂಟು ವಾರ ನನ್ನದೇ ಒಂದು ಪ್ರಯೋಗ ನಡೆಸಿದೆ. ಹೊಸದಾಗಿ ಬಂದ ಒಂದೇ ರೋಲಿನಿಂದ ನಾಲ್ಕು ತುಂಡು ಸುತ್ತಿಕೊಂಡೆ. ಒಂದು ಆಫೀಸಿನ ಫ್ರಿಜ್ಜಿನಲ್ಲಿ, ಹಾಲಿನ ಪ್ಯಾಕೆಟ್ಟುಗಳ ಪಕ್ಕ. ಒಂದು ಎಸಿ ಇರುವ ಲ್ಯಾಬಿನಲ್ಲಿ. ಒಂದು ಗೋಡೌನಿನ ನೆಲದಲ್ಲಿ. ಇನ್ನೊಂದು ಶೀಟಿನ ಕೆಳಗೆ. ವಾರಕ್ಕೊಮ್ಮೆ ಪೆನ್ನಿನ ಗೆರೆ, ಜೊತೆಗೆ ಒಂದು ಹನಿ ನೀರು ಬಿಟ್ಟು ಪಕ್ಕದಿಂದ ಮೊಬೈಲಿನಲ್ಲಿ ಫೋಟೊ. ಹನಿ ಚಪ್ಪಟೆಯಾಗಿ ಹರಡಿದರೆ ಮೇಲ್ಮೈ ಹಿಡಿಯುತ್ತಿದೆ. ಗೋಲಿಯಂತೆ ಎದ್ದು ಕೂತರೆ ಬಿಟ್ಟುಕೊಡುತ್ತಿದೆ. ಫ್ರಿಜ್ಜಿನ ತುಂಡು ಕೊನೆಯವರೆಗೂ 38 ಉಳಿಸಿಕೊಂಡಿತು. ಲ್ಯಾಬಿನದು ತುಸು ಇಳಿಯಿತು. ನೆಲದ್ದು ಇನ್ನಷ್ಟು. ಶೀಟಿನ ಕೆಳಗಿನದಕ್ಕೆ ನಾಲ್ಕನೇ ವಾರದಲ್ಲೇ 36ರ ಪೆನ್ನೂ ನಿಲ್ಲಲಿಲ್ಲ, ಆರನೇ ವಾರಕ್ಕೆ 34ರದೂ ಮಣಿಗಟ್ಟಿತು. ಆ ಫೋಟೊಗಳನ್ನು ಸಾಲಾಗಿ ಜೋಡಿಸಿದರೆ ಹನಿ ವಾರದಿಂದ ವಾರಕ್ಕೆ ಎದ್ದು ಕೂರುವುದು ಕಾಣುತ್ತಿತ್ತು.

ಒಳಗೆ ನಡೆಯುತ್ತಿದ್ದದ್ದು ಎರಡು ಸಂಗತಿ.

ಪ್ರತಿ ಪ್ಲಾಸ್ಟಿಕ್ಕಿಗೂ ಅದರದೇ ಒಂದು ತಾಪಮಾನವಿದೆ. ಅದಕ್ಕಿಂತ ಕೆಳಗೆ ಅದರ ಸಿಕ್ಕುಸಿಕ್ಕಾದ ಸರಪಳಿಗಳು ಮರಗಟ್ಟಿ ನಿಂತಿರುತ್ತವೆ. ಮೇಲೆ ಹೋದರೆ ಮಿಸುಕಾಡಲು ತೊಡಗುತ್ತವೆ. ಕುಡಿಯುವ ನೀರಿನ ಪೆಟ್ ಬಾಟಲಿಗೆ ಅದು 70ರಿಂದ 80 ಡಿಗ್ರಿ. ಕುದಿನೀರು ಹಾಕಿದರೆ ಬಾಟಲಿ ಸೊಟ್ಟಗಾಗುವುದನ್ನು ಯಾರು ನೋಡಿಲ್ಲ? ನಮ್ಮ ಪಾಲಿಪ್ರೊಪಿಲೀನಿಗೆ ಅದು ಸೊನ್ನೆ ಡಿಗ್ರಿಯ ಸುತ್ತಮುತ್ತ, ಬಹುಪಾಲು ಸೊನ್ನೆಗಿಂತ ಕೆಳಗೇ. ಅಂದರೆ ಪೆಟ್ ಬಾಟಲಿಗೆ ಚೆನ್ನೈಯ ಮೇ ತಿಂಗಳೂ ಚಳಿಗಾಲ. ನಮ್ಮ ಫಿಲ್ಮಿಗೆ ಮಡಿಕೇರಿಯ ಜನವರಿಯೂ ಬೇಸಿಗೆ. ಹರಳಿನ ಭಾಗ ಗಟ್ಟಿಯಾಗಿ ಹಿಡಿದಿಟ್ಟಿರುವುದರಿಂದ ಹಾಳೆ ಹಾಳೆಯಾಗಿಯೇ ಕಾಣುತ್ತದೆ, ಆದರೆ ನಡುವಿನ ಸರಪಳಿಗಳು ಸದಾ ಅಲುಗಾಡುತ್ತಲೇ ಇರುತ್ತವೆ. ಆಮ್ಲಜನಕದ ಕೊಕ್ಕೆ ಹೊತ್ತ ತುಂಡುಗಳಿಗೆ ಗಾಳಿಯ ಕಡೆ ಮುಖ ಮಾಡಿ ನಿಲ್ಲುವುದು ಇಷ್ಟವಿಲ್ಲ. ಸಮಯ ಸಿಕ್ಕಂತೆ ಮೆಲ್ಲಗೆ ಒಳಕ್ಕೆ ಹೊರಳುತ್ತವೆ. ಬಿಸಿ ಹೆಚ್ಚಿದಷ್ಟೂ ಹೊರಳುವುದು ಬೇಗ. ಇನ್ನೊಂದು ಮಾತು, ಮೇಲ್ಮೈಯ ಸರಪಳಿಗಳು ಒಳಗಿನವುಗಳಿಗಿಂತ ಹೆಚ್ಚು ಸ್ವತಂತ್ರ. 1994ರಲ್ಲಿ ಕೆಡ್ಡಿ, ಜೋನ್ಸ್, ಕೋರಿ ಎಂಬ ಮೂವರು ವಿಜ್ಞಾನಿಗಳು ಸಿಲಿಕಾನಿನ ಮೇಲೆ ಹರಡಿದ ಪಾಲಿಸ್ಟೈರೀನ್ ಹಾಳೆಗಳನ್ನು ತೆಳುವಾಗಿಸುತ್ತ ಹೋದರು. ಕೆಲವು ಹತ್ತು ನ್ಯಾನೋಮೀಟರಿಗೆ ಇಳಿದಾಗ ಆ ಮರಗಟ್ಟುವ ತಾಪಮಾನವೇ ಕೆಳಗಿಳಿಯಿತು. ಮೇಲಿನ ಪದರ ದ್ರವದಂತೆ ಸಡಿಲವಾಗಿರಬೇಕು ಎಂಬುದು ಅವರ ವಿವರಣೆ. ಬೆಳಗಿನ ಲೋಕಲ್ ರೈಲಿನಲ್ಲಿ ಅಂಬತ್ತೂರಿಗೆ ಬರುವವರಿಗೆ ಇದು ಸುಲಭಕ್ಕೆ ಅರ್ಥವಾಗುತ್ತದೆ. ನಡುವೆ ಸಿಕ್ಕಿಕೊಂಡವನಿಗೆ ಕೈಯೆತ್ತಲೂ ಆಗದು. ಬಾಗಿಲಲ್ಲಿ ನೇತಾಡುವವನಿಗೆ ಮಾತ್ರ ಅರ್ಧ ಮೈ ಖಾಲಿ.

ಎರಡನೆಯದೇ ಅಣ್ಣನ ಬೆರಳಿಗೆ ಸಿಕ್ಕ ಸಂಗತಿ. ಯಂತ್ರಗಳಲ್ಲಿ ಫಿಲ್ಮು ಸಲೀಸಾಗಿ ಜಾರಲಿ ಎಂದು ತಯಾರಿಸುವಾಗಲೇ ಎರುಕಮೈಡ್ ಎಂಬ ಮೇಣದಂಥ ಪದಾರ್ಥ ಬೆರೆಸಿರುತ್ತಾರೆ. ಸಾಸಿವೆ ಜಾತಿಯ ಎಣ್ಣೆಗಳಲ್ಲಿರುವ ಎರುಸಿಕ್ ಆಮ್ಲವೇ ಅದರ ಮೂಲ. ಬೆರೆಸುವುದು ಸಾವಿರಕ್ಕೆ ಒಂದು ಭಾಗದಷ್ಟು. ಅದಕ್ಕೂ ಪಾಲಿಪ್ರೊಪಿಲೀನಿಗೂ ಹೊಂದಿಕೆಯಿಲ್ಲ, ಹಾಗಾಗಿ ದಿನ ಕಳೆದಂತೆ ಒಳಗಿನಿಂದ ಮೇಲಕ್ಕೆ ಜಿನುಗುತ್ತದೆ. ಸ್ವಲ್ಪ ಜಿನುಗಬೇಕು, ಅದು ಲೆಕ್ಕಾಚಾರದಲ್ಲೇ ಇದೆ. 48 ಡಿಗ್ರಿಯಲ್ಲಿ ವಾರಗಟ್ಟಲೆ ಇಟ್ಟರೆ ಬೆವರಿನಂತೆ ಬಂದು ಉಳಿದ ಕೊಕ್ಕೆಗಳನ್ನೂ ಮುಚ್ಚಿ ಹಾಸಿಕೊಳ್ಳುತ್ತದೆ. ಇಂಕು ಕೂರುವುದು ಫಿಲ್ಮಿನ ಮೇಲಲ್ಲ, ಈ ಬೆವರಿನ ಮೇಲೆ. ಶೀಟಿನ ಕೆಳಗಿನ ತುಂಡನ್ನು ಆಲ್ಕೋಹಾಲ್ ಬಟ್ಟೆಯಿಂದ ಒರೆಸಿ ಮತ್ತೆ ಗೆರೆ ಎಳೆದೆ. ಸ್ವಲ್ಪ ಮೇಲೇರಿತು, 38 ಮುಟ್ಟಲಿಲ್ಲ. ಜಿನುಗಿದ ಮೇಣವೂ ಹೌದು, ಹೊರಳಿದ ಸರಪಳಿಯೂ ಹೌದು.

ಗಿಂಡಿಯ ಸಿಪೆಟ್‌ನಲ್ಲಿ ಹಿಂದೊಮ್ಮೆ ಅಲ್ಪಾವಧಿ ತರಬೇತಿಗೆ ಹೋಗಿದ್ದೆ. ದೇಶದಲ್ಲಿ ಪ್ಲಾಸ್ಟಿಕ್ ತಂತ್ರಜ್ಞಾನ ಕಲಿಸಲೆಂದೇ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನಿಂದ 1968ರಲ್ಲಿ ಶುರುವಾದ ಸಂಸ್ಥೆ. ನಮ್ಮ ಮೈಸೂರಿನಲ್ಲೂ ಅದರ ಕೇಂದ್ರವಿದೆ. ಅಲ್ಲಿ ಪರಿಚಯವಾಗಿದ್ದ ಸಂಶೋಧಕಿಯೊಬ್ಬರು ಈಗ ಬೇರೊಂದು ಪ್ರಯೋಗಾಲಯದಲ್ಲಿದ್ದಾರೆ. ನನ್ನ ತುಂಡುಗಳನ್ನು ಅವರಿಗೆ ಕೊಟ್ಟು ಪರಮಾಣು ಬಲ ಸೂಕ್ಷ್ಮದರ್ಶಕದಲ್ಲಿ ನೋಡಿಕೊಡಿ ಎಂದು ಬೇಡಿಕೊಂಡೆ. 1986ರಲ್ಲಿ ಬಂದ ಈ ಉಪಕರಣದಲ್ಲಿ ಕಣ್ಣಿಗೆ ಕೆಲಸವಿಲ್ಲ. ಅತಿ ಸೂಕ್ಷ್ಮ ಸೂಜಿಯೊಂದು ಮೇಲ್ಮೈಯನ್ನು ತಡವುತ್ತ ಹೋಗುತ್ತದೆ, ಅದರ ಏರಿಳಿತವೇ ಚಿತ್ರವಾಗುತ್ತದೆ. ಕಿಡಿ ಹಾಯಿಸದ ಬರಿ ಫಿಲ್ಮಿನ ಚಿತ್ರದಲ್ಲಿ ಎಳೆದ ಗುರುತಾಗಿ ನಾರುಗಳ ಬಲೆ, ಬಾಚಿದ ಕೂದಲಿನಂತೆ. ಕಿಡಿ ಹಾಯಿಸಿದ ತಾಜಾ ಫಿಲ್ಮಿನಲ್ಲಿ ನಾರುಗಳ ಮೇಲೆ ಸಣ್ಣ ಸಣ್ಣ ಉಬ್ಬುಗಳು. ಕಿಡಿಗೆ ತುಂಡಾದ ಸರಪಳಿಗಳ ಗುಡ್ಡೆ. ಶೀಟಿನ ಕೆಳಗಿನ ತುಂಡಿನಲ್ಲಿ ನಾರೂ ಸರಿಯಾಗಿ ಕಾಣದು, ಉಬ್ಬೂ ಕಾಣದು. ಅಗಲವಾದ ಹಾಸುಗಳು ಒಂದರ ಮೇಲೊಂದು ಕವುಚಿಕೊಂಡಿದ್ದವು. "ಸೂಜಿ ಇದರ ಮೇಲೆ ಜಾರಿಜಾರಿ ಹೋಗ್ತಿದೆ" ಎಂದರು ಆಕೆ. ಅಷ್ಟು ಬೆಲೆಯ ಉಪಕರಣ ಹೇಳಿದ್ದು ಅಣ್ಣನ ಮಾತನ್ನೇ.

ಬಿಸಿಯನ್ನೇ ಖಳನಾಯಕ ಮಾಡಿಬಿಟ್ಟೆ ಎನ್ನಿಸಬಾರದು. ಹೀಟ್‌ಸೆಟ್ಟಿಂಗ್ ಇಲ್ಲದಿದ್ದರೆ ಈ ಫಿಲ್ಮೇ ಇಲ್ಲ. 2005ರಲ್ಲಿ, ನೊಬೆಲ್ ಪಡೆದ ಅಲನ್ ಹೀಗರ್ ಅವರ ತಂಡ ಪ್ಲಾಸ್ಟಿಕ್ ಸೌರಕೋಶವೊಂದನ್ನು 150 ಡಿಗ್ರಿಯಲ್ಲಿ ಅರ್ಧ ಗಂಟೆ ಕಾಯಿಸಿದ್ದಕ್ಕೇ ಅದರ ದಕ್ಷತೆ ಶೇ 5ರ ಹತ್ತಿರಕ್ಕೆ ಏರಿತು. ಹೊಸದಾಗಿ ಏನನ್ನೂ ಬೆರೆಸಿರಲಿಲ್ಲ, ಒಳಗಿನ ಅಣುಗಳು ಸಾಲಾಗಿ ಕೂತವು, ಅಷ್ಟೇ. ಅದೇ ಬಿಸಿ ಇನ್ನೊಂದು ಕಡೆ ಕೆಡಿಸುತ್ತದೆ. ಗುಂಟರ್ ರೈಟರ್ ಎಂಬ ವಿಜ್ಞಾನಿ 1992ರಲ್ಲಿ ಸಿಲಿಕಾನಿನ ಮೇಲಿನ ಅತಿ ತೆಳು ಪಾಲಿಸ್ಟೈರೀನ್ ಹಾಳೆಯನ್ನು ಕಾಯಿಸಿದಾಗ ಅದರಲ್ಲಿ ತೂತು ಬಿದ್ದು, ತೂತುಗಳು ದೊಡ್ಡವಾಗಿ, ಕೊನೆಗೆ ಹನಿಗಳ ಸಾಲು ಉಳಿಯಿತು. ಎಣ್ಣೆ ಹೆಚ್ಚಾದ ಕಾವಲಿಯ ಮೇಲೆ ದೋಸೆ ಹಿಟ್ಟು ಹರಡಿದಂತೆ. ಎಷ್ಟು ಬಿಸಿ, ಎಷ್ಟು ಹೊತ್ತು, ಅಂಚು ಹಿಡಿದಿಟ್ಟು ಕಾಯಿಸಿದ್ದೋ ಬಿಟ್ಟು ಕಾಯಿಸಿದ್ದೋ ಎಂಬುದರ ಮೇಲೆ ಎಲ್ಲ ನಿಂತಿದೆ. 160 ಡಿಗ್ರಿಯ ಕೆಲವು ಸೆಕೆಂಡಿನಲ್ಲಿ ಗಟ್ಟಿಯಾದದ್ದು 48 ಡಿಗ್ರಿಯ ಎರಡು ತಿಂಗಳಲ್ಲಿ ಕೆಟ್ಟಿತು.

ಆಗಸ್ಟ್ ಕೊನೆಗೆ ಎರಡನೇ ವರದಿ ಬರೆದೆ. ಮೊದಲ ವರದಿಯ ಸಂಖ್ಯೆ ಹಾಕಿ, ಅದರಲ್ಲಿ ಹೇಳಿದ ಕಾರಣ ತಪ್ಪು, ಪರೀಕ್ಷಿಸದೆ ಬರೆದದ್ದು ಎಂದು ಸೇರಿಸಿದೆ. ಮಾಲೀಕರು ಓದಿ, ಸಿಟ್ಟು ಮಾಡಲಿಲ್ಲ. ಅದೇ ನನಗೆ ಹೆಚ್ಚು ಮುಜುಗರವಾಯಿತು. ರೋಲುಗಳನ್ನು ಕೆಳಗಿಳಿಸಲು, ಶೀಟಿನ ಕೆಳಗೆ ಶಾಖ ತಡೆಯುವ ಹಾಸು ಹೊಡೆಸಲು, ಮುದ್ರಣಕ್ಕೆ ಮುನ್ನ ಪ್ರತಿ ರೋಲಿಗೂ ಮತ್ತೆ ಗೆರೆ ಎಳೆಯಲು ಒಪ್ಪಿದರು. ಅಣ್ಣನ ವಿಷಯ ಎತ್ತಿದಾಗ, "ಬರೋದಾದ್ರೆ ಬರಲಿ" ಎಂದರು. ಹಳೆಯ ಸಂಬಳಕ್ಕೆ ಎಂದು ಹೇಳಲಿಲ್ಲ, ನಾನೂ ಕೇಳಲಿಲ್ಲ. ಕೇಳಬೇಕಿತ್ತು.

ಫೋನ್ ಮಾಡಲು ನನಗೆ ಇನ್ನೂ ಎರಡು ದಿನ ಬೇಕಾಯಿತು. ಅಷ್ಟರಲ್ಲಿ ಅವರು ಪುದುಚೇರಿಯ ಒಂದು ಪ್ರೆಸ್ಸಿಗೆ ಸೇರಿಕೊಂಡಿದ್ದರು. ನನ್ನ ಹರಕುಮುರುಕು ತಮಿಳಿನಲ್ಲಿ ಇಡೀ ಕಥೆ ಹೇಳಿದೆ: ರ‍್ಯಾಕು, ನೀರು, ಎರುಕಮೈಡು, ಸೂಜಿ. ತಪ್ಪಾಯಿತು ಅಣ್ಣಾ ಎಂದೂ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, "ಮೇಲಿನ ರ‍್ಯಾಕಾ ಸಾರ್? ನಾನು ಇಂಕು ಅಂತಲೇ ಅಂದುಕೊಂಡಿದ್ದೆ" ಎಂದರು. ಎರಡು ತಿಂಗಳು ಆ ಮನುಷ್ಯ ತಪ್ಪು ತನ್ನದೇ ಇರಬೇಕು ಎಂದುಕೊಂಡಿದ್ದರು. ಅದನ್ನು ನಾನು ಊಹಿಸಿಯೇ ಇರಲಿಲ್ಲ. ಬರುತ್ತೀರಾ ಎಂದು ಕೇಳಿದೆ. ಮಗಳನ್ನು ಅಲ್ಲಿನ ಕಾಲೇಜಿಗೆ ಸೇರಿಸಿಯಾಯಿತು ಎಂದರು. ಪೊಂಗಲ್ಲಿಗೆ ಈಗಲೂ ಫೋನ್ ಮಾಡುತ್ತಾರೆ, ಒಮ್ಮೊಮ್ಮೆ ನಾನೇ ಮೊದಲು ಮಾಡುತ್ತೇನೆ. ಪ್ರತಿ ಸಲ ಕೇಳುವುದು ಒಂದೇ, ಛಾವಣಿಗೆ ನೀರು ಬಿಡುತ್ತಿದ್ದೀರಾ?

ನಮ್ಮ ರಿಜಿಸ್ಟರಿನಲ್ಲಿ ಈಗ ಡೈನ್ ಸಂಖ್ಯೆಯ ಪಕ್ಕ ಇನ್ನೊಂದು ಕಾಲಮ್ಮಿದೆ: ಕೈಗೆ ಹೇಗಿದೆ? ಆಪರೇಟರುಗಳು ತಮಗೆ ತೋಚಿದ್ದನ್ನು ತಮ್ಮ ತಮ್ಮ ಭಾಷೆಯಲ್ಲಿ ಬರೆಯುತ್ತಾರೆ. ಬಹುತೇಕ ದಿನ ಸರಿ, ಸರಿ, ಸರಿ. ಆಡಿಟಿಗೆ ಬಂದವರೊಬ್ಬರು ಇದೇನು ಅವೈಜ್ಞಾನಿಕ ಎಂದು ನಕ್ಕಿದ್ದೂ ಆಯಿತು. ಕಳೆದ ವಾರ ಒಡಿಶಾದಿಂದ ಹೊಸದಾಗಿ ಬಂದ ಹುಡುಗ ಆ ಜಾಗದಲ್ಲಿ ಹಿಂದಿಯಲ್ಲಿ ಒಂದೇ ಪದ ಬರೆದಿದ್ದ, ಸಾಬೂನ್. ಯಂತ್ರ ನಿಲ್ಲಿಸಲು ಹೇಳಿ, 38ರ ಪೆನ್ನು ತೆಗೆದುಕೊಂಡು ಕೆಳಗಿಳಿದೆ.